ಶಿಶುವಿನ ಉಸಿರಾಟದ ಎಣಿಕೆ

ಮಗುವಿಗೆ ಕೆಮ್ಮು ನೆಗಡಿಗಳು ಬಂದಾಗ ಹಿರಿಯರು ಮೊದಲು ಮುಟ್ಟಿ ನೋಡುವುದು ಹಣೆಯನ್ನು. ಆದರೆ ಜ್ವರದ ಕಾವೊಂದರಿಂದಲೇ ರೋಗದ ತೀವ್ರತೆಯನ್ನು ಅಳೆಯಲಾಗದು. ಸಾಮಾನ್ಯ ನೆಗಡಿಯಲ್ಲಿಯೂ ಮೈ ಸುಡಬಹುದು. ಎಳೆಗೂಸಿಗೆ ನ್ಯುಮೋನಿಯಾ ತಗಲಿದಾಗ ಮೈ ತಣ್ಣಗೆಯೂ ಇರಬಹುದು. ವೈದ್ಯರಲ್ಲಿಗೆ ಹೋಗಬೇಕಾದ ಹೊತ್ತನ್ನು ಇದಕ್ಕಿಂತ ಸ್ಪಷ್ಟವಾಗಿ ಸೂಚಿಸುವುದು ಉಸಿರಾಟ.

ನ್ಯುಮೋನಿಯಾದಲ್ಲಿ ಶ್ವಾಸಕೋಶದ ಗಾಳಿಗೂಡುಗಳಲ್ಲಿ ಕೀವು, ದ್ರವಗಳು ತುಂಬಿ ಶ್ವಾಸಕೋಶವು ಬಿರುಸಾಗುತ್ತದೆ. ಆಳವಾಗಿ ಉಸಿರೆಳೆಯಲಾರದ ಮಗು ಬೇಗಬೇಗನೆ ಉಸಿರಾಡಿ ಆ ಕೊರತೆಯನ್ನು ತುಂಬಿಕೊಳ್ಳಲು ಯತ್ನಿಸುತ್ತದೆ. ಎಕ್ಸ್-ರೇ ಸೌಕರ್ಯವಿಲ್ಲದೆಡೆಗಳಲ್ಲಿ ಇಂತಹ ಸರಳ ಲಕ್ಷಣಗಳಿಂದಲೇ ರೋಗವನ್ನು ಗುರುತಿಸುವ ಬಗೆಯನ್ನು ಪಪುವಾ ನ್ಯೂಗಿನಿಯ ಗೊರೋಕಾದಲ್ಲಿ ವೈದ್ಯ ಫ್ರಾಂಕ್ ಶಾನ್ ಮತ್ತು ಅವರ ಸಂಗಡಿಗರು ಪರಿಶೀಲಿಸಿ 1984ರಲ್ಲಿ ಪ್ರಕಟಿಸಿದರು. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯು ಉಸಿರಾಟದ ಎಣಿಕೆಯನ್ನು ತನ್ನ ಮಾರ್ಗಸೂಚಿಗಳಲ್ಲಿ ಅಳವಡಿಸಿಕೊಂಡಿತು.

ಮಗು ಅಳುತ್ತಿರುವಾಗಲಾಗಲಿ ಹಾಲು ಕುಡಿಯುತ್ತಿರುವಾಗಲಾಗಲಿ ಎಣಿಸಬಾರದು. ಶಾಂತವಾಗಿ ಮಲಗಿರುವಾಗ ಅಂಗಿಯನ್ನು ಮೇಲೆತ್ತಿ, ಗಡಿಯಾರವನ್ನು ಎದುರಿಗಿಟ್ಟುಕೊಂಡು, ಹೊಟ್ಟೆ ಅಥವಾ ಎದೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ನಿಮಿಷಕ್ಕೆ ಎರಡು ತಿಂಗಳೊಳಗಿನ ಕೂಸಿನಲ್ಲಿ 60, ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿನಲ್ಲಿ 50, ಒಂದರಿಂದ ಐದು ವರ್ಷದೊಳಗಿನ ಮಗುವಿನಲ್ಲಿ 40 ಅಥವಾ ಅದಕ್ಕಿಂತ ಹೆಚ್ಚು ಉಸಿರುಗಳು ಕಂಡುಬಂದರೆ ವೈದ್ಯರಿಗೆ ತೋರಿಸಬೇಕು. ಎಳೆಗೂಸಿನ ಉಸಿರಾಟವು ಸಹಜವಾಗಿಯೇ ಏರುಪೇರಾಗುವುದರಿಂದ ಎಣಿಕೆ 60ನ್ನು ಮುಟ್ಟಿದಾಗ ಮತ್ತೊಮ್ಮೆ ಎಣಿಸುವುದು ಯುಕ್ತ.

ಕೆಲವು ಲಕ್ಷಣಗಳು ಕಂಡಾಗ ಎಣಿಕೆಗಾಗಿಯೂ ಕಾಯಬಾರದು. ಉಸಿರೆಳೆದಾಗ ಎದೆಯ ಕೆಳಭಾಗವು ಒಳಕ್ಕೆ ಕುಸಿಯುವುದು, ತುಟಿ ನೀಲಿಗಟ್ಟುವುದು, ಹಾಲು ನೀರುಗಳನ್ನು ಕುಡಿಯಲಾರದಿರುವುದು, ಕುಡಿದುದನ್ನೆಲ್ಲ ಕಾರಿಕೊಳ್ಳುವುದು, ಸೆಳವು ಬರುವುದು, ಎಬ್ಬಿಸಿದರೂ ಏಳದ ಮಂಪರು—ಇವುಗಳಲ್ಲಿ ಒಂದಿದ್ದರೂ ಒಡನೆಯೇ ಆಸ್ಪತ್ರೆಗೆ ಒಯ್ಯಬೇಕು. ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೂ, ಮೈ ತಣ್ಣಗಾದರೂ, ಅದು ಮೊಲೆಹಾಲನ್ನು ಬಿಟ್ಟರೂ ಇದೇ ನಿಯಮ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ದೀರ್ಘಕಾಲ ಏದುಸಿರುಬಿಟ್ಟು ಬಳಲಿದ ಮಗುವಿನ ಉಸಿರಾಟವು ಕಡೆಯಲ್ಲಿ ನಿಧಾನಗೊಳ್ಳುವುದುಂಟು. ಉಸಿರಿನ ವೇಗ ತಗ್ಗಿ, ಮಗು ಲವಲವಿಕೆಯಿಂದ ಹಾಲು ಕುಡಿದರೆ ಅದು ಚೇತರಿಕೆ. ವೇಗ ತಗ್ಗಿಯೂ ಮಗು ಸೋತು ಜೋಲುಬಿದ್ದಿದ್ದರೆ ಅದು ಅಪಾಯ. ಅಂತಹ ರಾತ್ರಿಯಲ್ಲಿ ‘ಬೆಳಗಾಗಲಿ, ನೋಡೋಣ’ ಎಂಬ ಮಾತು ಸಲ್ಲದು.