ಹಬ್ಬದ ಕಿಟ್‌ಗಿಂತ ಮೊದಲು ವಾರದ ಒಂದು ಗಂಟೆ

ಸಣ್ಣ ಪೆರ್ನಾಲ್ ಮುಗಿದು ಮೂರನೇ ದಿನ. ಬಿಟಿಎಂ ಲೇಔಟ್‌ನಲ್ಲಿ ನಮ್ಮವರ ಅಂಗಡಿಗಳ ಶಟರ್ ಇನ್ನೂ ಅರ್ಧದಷ್ಟೂ ಎದ್ದಿರಲಿಲ್ಲ. ಹಬ್ಬಕ್ಕೆಂದು ಊರಿಗೆ ಹೋದ ಹುಡುಗರು ತಿರುಗಿ ಬಂದಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಊರಿನಿಂದ ಫೋನು ಬಂತು.

“ಕಾಕ, ಮಗುವನ್ನು ಬೆಂಗಳೂರಿಗೆ ಬರೆದು ಕೊಟ್ಟಿದ್ದಾರೆ. ರಾತ್ರಿ ಬಸ್ಸಿಗೆ ಹೊರಡ್ತೇವೆ. ಅಲ್ಲಿ ನೀವು ಉಂಟಲ್ಲ?”

ದಕ್ಷಿಣ ಬೆಂಗಳೂರಿನಲ್ಲಿ ಮನೆ ಮಾಡಿದ ಬ್ಯಾರಿಗಳಿಗೆ ಈ ಫೋನು ಹೊಸತಲ್ಲ. ಹೃದಯಕ್ಕೆ ಜಯದೇವ, ನರಕ್ಕೆ ನಿಮ್ಹಾನ್ಸ್, ಕ್ಯಾನ್ಸರ್‌ಗೆ ಕಿದ್ವಾಯಿ, ಮಕ್ಕಳಿಗೆ ಇಂದಿರಾ ಗಾಂಧಿ ಆಸ್ಪತ್ರೆ, ಮೂಳೆಗೆ ಸಂಜಯ್ ಗಾಂಧಿ ಆಸ್ಪತ್ರೆ. ಎಲ್ಲವೂ ಜಯನಗರದ ಸುತ್ತಮುತ್ತ, ಒಂದು ಆಟೊ ದೂರದಲ್ಲಿ. ಮಂಗಳೂರಿನಿಂದ ಸುಮಾರು 350 ಕಿಲೋಮೀಟರ್ ದಾಟಿ ಬರುವ ಕುಟುಂಬಕ್ಕೆ ಮೊದಲು ನೆನಪಾಗುವುದು ಇಲ್ಲಿರುವ ಸಂಬಂಧಿಕನ ಮೊಬೈಲ್ ನಂಬರ್.

ಮರುದಿನ ಮಗುವಿಗೆ ಪ್ಲೇಟ್‌ಲೆಟ್ ಬೇಕೆಂದರು. ನಾನು ಫೋನು ಮಾಡುತ್ತಾ ಹೋದೆ. ಒಬ್ಬ ಉಪ್ಪಿನಂಗಡಿಯಲ್ಲಿದ್ದ, ಒಬ್ಬ ಉಳ್ಳಾಲದಲ್ಲಿದ್ದ, ಇನ್ನೊಬ್ಬನ ಫೋನೇ ಸ್ವಿಚ್ ಆಫ್. ಹದಿನೈದು ದಿನ ಮುಂಚೆ ಇದೇ ಹುಡುಗರು ರಾತ್ರಿ ಎರಡು ಗಂಟೆಯವರೆಗೆ ಕೂತು ರಮಝಾನ್ ಕಿಟ್ ಕಟ್ಟಿದ್ದರು. ಅಕ್ಕಿ, ಸಕ್ಕರೆ, ಎಣ್ಣೆ, ಖರ್ಜೂರ ಎಲ್ಲ ಅಳೆದು ತೂಗಿ ತುಂಬಿಸಿದ್ದರು. ಕೊಡುವ ಮನಸ್ಸಿಗೆ ಕೊರತೆ ಇರಲಿಲ್ಲ. ಆದರೆ ಕೊಡಬೇಕಾದ ದಿನ ನಗರದಲ್ಲಿ ಯಾರೂ ಇರಲಿಲ್ಲ.

ಕೊನೆಗೆ ಜೆಪಿ ನಗರದ ಒಬ್ಬ ಸ್ನೇಹಿತರಿಗೆ ಹೇಳಿದೆ. ಹಾರ್ಡ್‌ವೇರ್ ವ್ಯಾಪಾರಿ, ಒಂದು ಸೇವಾ ಕ್ಲಬ್‌ನ ಸದಸ್ಯರು. ಸಂಜೆಯೊಳಗೆ ಇಬ್ಬರು ದಾನಿಗಳು ಆಸ್ಪತ್ರೆಯ ಬಾಗಿಲಲ್ಲಿದ್ದರು. “ಎಂತ ಮ್ಯಾಜಿಕ್ ಮಾಡಿದಿರಿ?” ಅಂತ ಕೇಳಿದೆ. ಅವರು ನಕ್ಕರು. “ಮ್ಯಾಜಿಕ್ ಎಂತ ಇಲ್ಲ ಮಾರಾಯ್ರೆ. ಹಬ್ಬ, ರಜೆ ಬಂದರೆ ರಕ್ತ ಕಡಿಮೆ ಆಗ್ತದೆ ಅಂತ ನಮ್ಮ ವಾರದ ಮೀಟಿಂಗಿಗೆ ಒಬ್ಬರು ಡಾಕ್ಟರ್ ಬಂದು ಹೇಳಿದ್ದರು. ಅವತ್ತಿನಿಂದ ರಜೆಗೆ ಊರಿಗೆ ಹೋಗದವರ ಒಂದು ಪಟ್ಟಿ ಮಾಡಿಟ್ಟಿದ್ದೇವೆ, ಅಷ್ಟೆ.”

ಈ ‘ಅಷ್ಟೆ’ ನನ್ನ ತಲೆಯಲ್ಲಿ ಉಳಿಯಿತು. ಅವರು ಪಟ್ಟಿ ಮಾಡಿದ್ದು ಹಬ್ಬದ ದಿನ ಅಲ್ಲ, ಯಾವುದೋ ಸಾಮಾನ್ಯ ವಾರದಲ್ಲಿ ಒಬ್ಬರ ಮಾತು ಕೇಳಿದ ಮೇಲೆ.

ಗಂಟೆ ಬಾರಿಸಿದರೆ ಶುರು, ಗಂಟೆ ಬಾರಿಸಿದರೆ ಮುಗೀತು

ಮುಂದಿನ ವಾರ ಅವರ ಜೊತೆ ನಾನೂ ಹೋದೆ. ಊರಿನಲ್ಲಿ ರೋಟರಿ, ಲಯನ್ಸ್, ಜೇಸಿ ಎಂದರೆ ಪುತ್ತೂರು, ಬಂಟ್ವಾಳ, ಮೂಡುಬಿದಿರೆಯವರಿಗೆ ಗೊತ್ತು. ಬ್ಯಾನರ್, ಶಾಲು, ಹಾರ, ಫೋಟೊ. ಹಾಗೆಯೇ ಏನೋ ಇರುತ್ತದೆ ಅಂತ ಅಂದುಕೊಂಡಿದ್ದೆ.

ಅಧ್ಯಕ್ಷರು ಮೇಜಿನ ಮೇಲಿನ ಗಂಟೆ ಬಾರಿಸಿದರು. ಕಾರ್ಯದರ್ಶಿ ಹಿಂದಿನ ವಾರದ ಲೆಕ್ಕ ಓದಿದರು. ಹುಟ್ಟುಹಬ್ಬ ಇದ್ದವರಿಗೆ ಚಪ್ಪಾಳೆ, ತಡವಾಗಿ ಬಂದವರಿಗೆ ತಮಾಷೆಯ ದಂಡ. ಆಮೇಲೆ ಅತಿಥಿಯ ಮಾತು, ಇಪ್ಪತ್ತು ನಿಮಿಷ. ಅವತ್ತು ಬಂದಿದ್ದವರು ಆಸ್ಪತ್ರೆಯೊಂದರ ವೈದ್ಯಕೀಯ ಸಮಾಜ ಕಾರ್ಯಕರ್ತೆ. ಬಡ ರೋಗಿಗಳ ಕಾಗದಪತ್ರ ನೋಡುವ ಕೆಲಸ ಅವರದು.

ಅವರು ಹೇಳಿದ್ದನ್ನು ನಾನು ಚೀಟಿಯಲ್ಲಿ ಬರೆದುಕೊಂಡೆ. ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಉಳಿದವರಿಗೆ ಯೋಜನೆಯ ದರದ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಆದರೆ ತುರ್ತು ಅಲ್ಲದ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. “ಎಷ್ಟೋ ಜನ ಅದಿಲ್ಲದೆ ಬರ್ತಾರೆ. ಒಂದು ಕಾಗದಕ್ಕಾಗಿ ಮತ್ತೆ ಊರಿಗೆ ಹೋಗ್ತಾರೆ. ನೀವು ಡಿಸೆಂಬರ್‌ನಲ್ಲಿ ಕಂಬಳಿ ಕೊಡ್ತೀರಿ, ಸಂತೋಷ. ಆದರೆ ಈ ಕಾಗದದ ವಿಷಯ ಜನರಿಗೆ ಮುಟ್ಟಿಸಿ. ಅದು ಕಂಬಳಿಗಿಂತ ದೊಡ್ಡ ದಾನ,” ಎಂದರು.

ಸಭೆಯಲ್ಲಿ ಒಬ್ಬರು ಮುದ್ರಣಾಲಯದವರಿದ್ದರು. ಕನ್ನಡದಲ್ಲಿ ಒಂದು ಪುಟದ ಮಾಹಿತಿ ಚೀಟಿ ಮಾಡಿಕೊಡಲು ಒಪ್ಪಿದರು. ಮತ್ತೆ ಗಂಟೆ ಬಾರಿಸಿತು. ಗಡಿಯಾರ ನೋಡಿದೆ, ಸರಿಯಾಗಿ ಒಂದು ಗಂಟೆ.

ಮನೆಗೆ ಬರುವಾಗ ನನಗೆ ನಾಚಿಕೆಯೇ ಆಯಿತು. ಇಷ್ಟು ವರ್ಷ ಊರಿನಿಂದ ಬಂದ ರೋಗಿಗಳ ಜೊತೆ ಆಸ್ಪತ್ರೆ ಸುತ್ತಿದ್ದೇನೆ. ಹೊರಡುವ ಮುಂಚೆ ವೆನ್ಲಾಕ್ ಆಸ್ಪತ್ರೆಗೆ ಹೋಗಿ ಕಾಗದ ಕೇಳಿ ಅಂತ ಒಬ್ಬರಿಗೂ ಹೇಳಿದವನಲ್ಲ. ಗೊತ್ತಿದ್ದರೆ ತಾನೇ ಹೇಳುವುದು.

ಒಂದು ಭಾಷಣದಿಂದ ಕಣ್ಣಿನ ಆಸ್ಪತ್ರೆ

ವಾರಕ್ಕೊಮ್ಮೆ ಕೂರುವ ಈ ಕ್ರಮ ಎಲ್ಲಿಂದ ಬಂತು? 1905ರ ಫೆಬ್ರವರಿ 23ರಂದು ಅಮೆರಿಕದ ಶಿಕಾಗೊ ನಗರದಲ್ಲಿ ನಾಲ್ವರು ಸೇರಿದರು. ವಕೀಲ ಪಾಲ್ ಹ್ಯಾರಿಸ್, ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರ್, ಒಬ್ಬ ಬಟ್ಟೆ ಹೊಲಿಸುವ ಅಂಗಡಿಯವರು. ಹ್ಯಾರಿಸ್ ಸಣ್ಣ ಊರಿನಿಂದ ದೊಡ್ಡ ನಗರಕ್ಕೆ ಬಂದವರು, ಅಲ್ಲಿ ಸ್ನೇಹಿತರಿಲ್ಲದೆ ಬೇಸತ್ತವರು. ಒಂದು ಸಲ ಒಬ್ಬನ ಕಚೇರಿ, ಇನ್ನೊಂದು ಸಲ ಇನ್ನೊಬ್ಬನದು, ಹೀಗೆ ಸರದಿಯಲ್ಲಿ ಸೇರುತ್ತಿದ್ದರಿಂದ ‘ರೋಟರಿ’ ಎಂಬ ಹೆಸರು. ಒಂದೇ ಕಸುಬಿನವರು ತುಂಬಿಕೊಳ್ಳಬಾರದು ಅಂತಲೂ ನಿಯಮ ಮಾಡಿಕೊಂಡರು. ಊರು ಬಿಟ್ಟು ನಗರಕ್ಕೆ ಬಂದು ಅಂಗಡಿ ಇಟ್ಟವನ ಒಂಟಿತನ ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆಂಗಳೂರಿನಲ್ಲಿ ಮೊದಲ ರೋಟರಿ ಕ್ಲಬ್ ಆದದ್ದು 1934ರಲ್ಲಿ.

ಶಿಕಾಗೊದ ಆ ಕ್ಲಬ್ ಊರಿಗಾಗಿ ಮಾಡಿದ ಮೊದಲ ಕೆಲಸ ಏನು ಗೊತ್ತುಂಟಾ? ಊಟ ಹಂಚಿದ್ದಲ್ಲ, ಬಟ್ಟೆ ಕೊಟ್ಟದ್ದಲ್ಲ. ನಗರದಲ್ಲಿ ಸಾರ್ವಜನಿಕ ಶೌಚಾಲಯ ಕಟ್ಟಿಸಲು ಓಡಾಡಿದ್ದು. ಅದು 1907ರಲ್ಲಿ. ಫೋಟೊಗೆ ಚಂದ ಕಾಣುವ ಕೆಲಸ ಅದಲ್ಲ. ಆದರೆ ಪೇಟೆಗೆ ಬಂದ ಜನರಿಗೆ ಬೇಕಾಗಿದ್ದು ಅದೇ.

ಲಯನ್ಸ್ ಕಥೆ ಇನ್ನೂ ಸ್ಪಷ್ಟ. 1917ರಲ್ಲಿ ಶಿಕಾಗೊದ ವಿಮಾ ವ್ಯವಹಾರದ ಮೆಲ್ವಿನ್ ಜೋನ್ಸ್ ಅದನ್ನು ಕಟ್ಟಿದರು. 1925ರಲ್ಲಿ ಅವರ ಸಮ್ಮೇಳನಕ್ಕೆ ಹೆಲೆನ್ ಕೆಲರ್ ಅತಿಥಿಯಾಗಿ ಬಂದರು. ಕಣ್ಣೂ ಕಾಣದ, ಕಿವಿಯೂ ಕೇಳದ ಆ ಮಹಿಳೆ, ಅಂಧರ ಪರವಾಗಿ ನಿಲ್ಲಿ ಎಂದು ಕೇಳಿಕೊಂಡರು. ಅಂದಿನಿಂದ ಕಣ್ಣಿನ ಕೆಲಸ ಲಯನ್ಸ್‌ನವರ ಮುಖ್ಯ ಕೆಲಸವಾಯಿತು. ನಮ್ಮ ಜೆಸಿ ರಸ್ತೆಯ ಪಕ್ಕದ ಲಯನ್ಸ್ ಕಣ್ಣಿನ ಆಸ್ಪತ್ರೆಗೆ ಊರಿನಿಂದ ಬಂದ ಅಜ್ಜಿಯರನ್ನು ಕರೆದುಕೊಂಡು ಹೋದವರು ಈ ಪುಟದ ಓದುಗರಲ್ಲೇ ಇರಬಹುದು. ಅದರ ಬೇರು ಒಬ್ಬ ಅತಿಥಿಯ ಆ ಮಾತಿನಲ್ಲಿದೆ. ಬಂದ ಅತಿಥಿಗೆ ಸ್ಮರಣಿಕೆ ಕೊಟ್ಟು ಕಳಿಸಿ, ಮರುದಿನ ಅವರು ಮರೆತಿದ್ದರೆ?

ಕೇಳಿಸಿಕೊಳ್ಳುವುದರ ಬೆಲೆ

ಪೋಲಿಯೊ ಹನಿಯ ಭಾನುವಾರಗಳು ನಮ್ಮ ಉಮ್ಮಂದಿರಿಗೆ ನೆನಪಿವೆ. ರೋಟರಿ 1985ರಲ್ಲಿ ಪೋಲಿಯೊ ವಿರುದ್ಧ ಜಗತ್ತಿನಾದ್ಯಂತ ಕಾರ್ಯಕ್ರಮ ಆರಂಭಿಸಿತು. ಭಾರತದಲ್ಲಿ ಕಷ್ಟವಾದದ್ದು ಉತ್ತರ ಪ್ರದೇಶದ ಪಶ್ಚಿಮ ಜಿಲ್ಲೆಗಳು. ಅಲ್ಲಿನ ಕೆಲವು ಮುಸ್ಲಿಂ ಮೊಹಲ್ಲಾಗಳಲ್ಲಿ ಹನಿಯ ಬಗ್ಗೆ ವದಂತಿ ಹಬ್ಬಿ, ಬಾಗಿಲು ಮುಚ್ಚಿದವು. ಹಣ ಇತ್ತು, ಲಸಿಕೆ ಇತ್ತು, ಸ್ವಯಂಸೇವಕರಿದ್ದರು. ಆದರೂ ಮಗು ಸಿಗಲಿಲ್ಲ.

ಆಗ ರೋಟರಿಯವರು ಉಲಮಾಗಳ ಸಮಿತಿ ಮಾಡಿದರು. ಭಯ ಏನು ಎಂದು ಅವರಿಂದ ಕೇಳಿ ತಿಳಿದರು. ಉಲಮಾಗಳೇ ಮುಂದೆ ನಿಂತು ಜನರಿಗೆ ಹೇಳಿದರು. ಸರ್ಕಾರ, ಯುನಿಸೆಫ್, ವಿಶ್ವ ಆರೋಗ್ಯ ಸಂಸ್ಥೆ, ಮನೆಮನೆ ಸುತ್ತಿದ ಲಕ್ಷಾಂತರ ಕಾರ್ಯಕರ್ತರು, ಎಲ್ಲರ ಬೆವರೂ ಇದರಲ್ಲಿದೆ. 2009ರಲ್ಲಿ ದೇಶದಲ್ಲಿ 741 ಮಕ್ಕಳಿಗೆ ಪೋಲಿಯೊ ಬಂದಿತ್ತು. 2010ರಲ್ಲಿ 42. 2011ರಲ್ಲಿ ಒಂದೇ ಒಂದು, ಪಶ್ಚಿಮ ಬಂಗಾಳದ ಹೌರಾದ ಪುಟ್ಟ ಹುಡುಗಿ. 2014ರ ಮಾರ್ಚ್ 27ರಂದು ಭಾರತ ಸೇರಿದ ಆಗ್ನೇಯ ಏಷ್ಯಾ ವಲಯ ಪೋಲಿಯೊಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟಿತು.

ಹಾಗೆಂದು ಕ್ಲಬ್‌ಗಳನ್ನು ಹೊಗಳುತ್ತಾ ಕೂರಬೇಕಾಗಿಲ್ಲ. ಸದಸ್ಯತ್ವದ ಶುಲ್ಕ ಎಲ್ಲರ ಕೈಗೆ ಎಟುಕುವುದಿಲ್ಲ. ಕೆಲವು ಕಡೆ ಮಾತೆಲ್ಲ ಇಂಗ್ಲಿಷಿನಲ್ಲಿ, ನಮ್ಮ ಬೇಕರಿಯ ಹುಡುಗ ಬಾಯಿ ಬಿಡಲು ಹೆದರುತ್ತಾನೆ. ರಜೆ ದಿನದ ಕಾರ್ಯಕ್ರಮಗಳಲ್ಲಿ ಕೊಡುವ ಪುಸ್ತಕಕ್ಕಿಂತ ಬ್ಯಾನರ್ ದೊಡ್ಡದಿರುವುದೂ ಉಂಟು. ಕ್ಯಾಮೆರಾ ಕಡೆ ನೋಡಿ ಅಂತ ಪಡೆದುಕೊಳ್ಳುವವರನ್ನು ತಿರುಗಿಸಿ ನಿಲ್ಲಿಸುವುದು ಯಾರು ಮಾಡಿದರೂ ತಪ್ಪೇ. ಈ ರೋಗ ನಮ್ಮ ಕಿಟ್ ವಿತರಣೆಗಳಿಗೂ ಹತ್ತಿದೆ. ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಳ್ಳಲು ಲಯನ್ಸ್‌ಗೆ 1987ರವರೆಗೆ, ರೋಟರಿಗೆ 1989ರವರೆಗೆ ಬೇಕಾಯಿತು. ನಮ್ಮ ಸಂಘಟನೆಗಳ ಸಭೆಯಲ್ಲಿ ಉಮ್ಮಂದಿರ ಕುರ್ಚಿ ಎಷ್ಟು ಅಂತ ನಾವೂ ಎಣಿಸಿ ನೋಡಬಹುದು. ಯಾವ ಮನೆಯಲ್ಲಿ ಒಲೆ ಉರಿದಿಲ್ಲ ಅಂತ ಮೊದಲು ಗೊತ್ತಾಗುವುದು ಅವರಿಗೇ.

ಅಳತೆ ನಮ್ಮಲ್ಲೇ ಉಂಟು

ನಿಜ ಹೇಳಬೇಕೆಂದರೆ, ಹಬ್ಬದ ದಾನಕ್ಕೆ ಕ್ರಮ ಬೇಕು ಎಂಬುದನ್ನು ನಾವು ಹೊರಗಿನವರಿಂದ ಕಲಿಯಬೇಕಾಗಿಲ್ಲ. ಫಿತ್ರ್ ಝಕಾತ್ ನೋಡಿ. ಎಷ್ಟು ಕೊಡಬೇಕು? ತಲೆಗೆ ಒಂದು ಸಾಅ್, ನಮ್ಮ ಕಡೆ ಅಕ್ಕಿಯಲ್ಲಿ. ಯಾವಾಗ? ಪೆರ್ನಾಲ್ ನಮಾಝ್‌ಗೆ ಮೊದಲು. ಯಾಕೆ? ಹಬ್ಬದ ದಿನ ಯಾರೂ ಹಸಿದಿರಬಾರದು ಅಂತ. ಅಳತೆ, ಸಮಯ, ಉದ್ದೇಶ ಮೂರೂ ಸ್ಪಷ್ಟ. ಅದರ ಮೇಲೆ ನಾವಾಗಿ ಸೇರಿಸಿದ ಕಿಟ್, ಬಟ್ಟೆ, ಇಫ್ತಾರ್ ಕೂಟಗಳಿಗೆ ಮಾತ್ರ ಈ ಮೂರು ಪ್ರಶ್ನೆ ಕೇಳುವುದನ್ನು ಮರೆತಿದ್ದೇವೆ. ಒಂದೇ ಮನೆಗೆ ನಾಲ್ಕು ಕಿಟ್ ಹೋಗುತ್ತದೆ. ಬನಶಂಕರಿಯ ಬಾಡಿಗೆ ರೂಮಿನಲ್ಲಿ ಕೀಮೊಥೆರಪಿಗೆ ಬಂದು ಉಳಿದ ಕುಟುಂಬಕ್ಕೆ ಒಂದೂ ಹೋಗುವುದಿಲ್ಲ, ಯಾಕೆಂದರೆ ಅವರ ಹೆಸರು ಇಲ್ಲಿನ ಯಾವ ಜಮಾಅತ್‌ನ ಪಟ್ಟಿಯಲ್ಲೂ ಇಲ್ಲ.

ಹಾಗಾದರೆ ಎಂತ ಮಾಡುವುದು? ಹೊಸ ಸಂಘ ಬೇಡ, ಹೊಸ ಬ್ಯಾನರ್ ಬೇಡ. ಇರುವ ಸಂಘಟನೆಗಳಲ್ಲೇ, ಇಲ್ಲವೇ ಹತ್ತು ಮನೆಗಳು ಸೇರಿ, ವಾರಕ್ಕೆ ಒಂದು ಗಂಟೆ. ವಾರ ಆಗದಿದ್ದರೆ ಹದಿನೈದು ದಿನಕ್ಕೊಮ್ಮೆ. ರೋಟರಿಯೇ 2016ರಲ್ಲಿ ತಿಂಗಳಿಗೆ ಕನಿಷ್ಠ ಎರಡು ಸಭೆ ಸಾಕು ಅಂತ ನಿಯಮ ಸಡಿಲಿಸಿದೆ. ಸರದಿಯಲ್ಲಿ ಒಬ್ಬೊಬ್ಬರ ಮನೆ. ಒಬ್ಬ ಅತಿಥಿ, ಇಪ್ಪತ್ತು ನಿಮಿಷ. ಆಸ್ಪತ್ರೆಯ ಸಮಾಜ ಕಾರ್ಯಕರ್ತೆ, ರಕ್ತನಿಧಿಯ ಡಾಕ್ಟರ್, ವಿದ್ಯಾರ್ಥಿವೇತನದ ಅರ್ಜಿ ತಿಳಿದ ಶಿಕ್ಷಕರು, ಆಹಾರ ಸುರಕ್ಷತೆಯ ಲೈಸೆನ್ಸ್ ಬಗ್ಗೆ ಹೇಳಬಲ್ಲ ಅಧಿಕಾರಿ. ನಮ್ಮವರೇ ಆಗಬೇಕೆಂದಿಲ್ಲ. ಮಾತು ಮುಗಿದ ಮೇಲೆ ಒಂದೇ ಪ್ರಶ್ನೆ: ಇದರಿಂದ ನಾವು ಮಾಡಬಹುದಾದ ಒಂದು ಕೆಲಸ ಯಾವುದು?

ರಕ್ತದ ಲೆಕ್ಕವನ್ನೇ ತೆಗೆದುಕೊಳ್ಳಿ. ಪ್ಲೇಟ್‌ಲೆಟ್ ಐದು ದಿನದ ಮೇಲೆ ಉಳಿಯುವುದಿಲ್ಲ. ಕೆಂಪು ರಕ್ತಕಣಗಳನ್ನು ಹೆಚ್ಚೆಂದರೆ ಆರು ವಾರ ಇಡಬಹುದು. ಥಲಸ್ಸೇಮಿಯಾ ಇರುವ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕೇ ಬೇಕು. ಆಗಸ್ಟ್ 15ಕ್ಕೋ ಅಕ್ಟೋಬರ್ 2ಕ್ಕೋ ಎಲ್ಲರೂ ಒಂದೇ ದಿನ ಶಿಬಿರ ಮಾಡಿದರೆ ಆ ಮಗುವಿನ ಡಿಸೆಂಬರ್‌ಗೆ ಅದು ಒದಗುವುದಿಲ್ಲ. 18 ದಾಟಿದ, 45 ಕಿಲೋ ತೂಕವಿರುವ, ಹಿಮೋಗ್ಲೋಬಿನ್ 12.5 ಇರುವ ಆರೋಗ್ಯವಂತರು ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ. ನೋಂಬಿನ ತಿಂಗಳಲ್ಲಿ ಇಫ್ತಾರ್ ನಂತರ, ಊಟ ನೀರು ಆಗಿ ಸ್ವಲ್ಪ ಹೊತ್ತು ಬಿಟ್ಟು ಕೊಟ್ಟರಾಯಿತು. ಇಪ್ಪತ್ತು ಜನರನ್ನು ತಿಂಗಳಿಗೆ ಐದರಂತೆ ಹಂಚಿಕೊಂಡರೆ ನಾಲ್ಕು ತಿಂಗಳು ಸರದಿ ನಡೆಯುತ್ತದೆ. ಐದನೇ ತಿಂಗಳಿಗೆ ಮತ್ತೆ ಮೊದಲಿನವರ ಪಾಳಿ.

ಆ ಮಗು ಈಗ ಊರಿನಲ್ಲಿದೆ. ಚಿಕಿತ್ಸೆ ಇನ್ನೂ ಮುಗಿದಿಲ್ಲ, ತಪಾಸಣೆಗೆ ಬರುತ್ತಿರಬೇಕು. ಕಳೆದ ಸಲ ಬರುವ ಮುಂಚೆ ಅದರ ಉಪ್ಪ ಫೋನು ಮಾಡಿದಾಗ, “ಕಾರ್ಡ್ ಉಂಟಾ? ರೆಫರಲ್ ಕಾಗದ ತೆಗೊಂಡಿರಾ?” ಅಂತ ನಾನು ಮೊದಲು ಕೇಳಿದೆ. “ಹೌದಾ ಕಾಕ, ಅದು ಬೇಕಾ? ನಾಳೆಯೇ ತೆಗೊಳ್ತೇನೆ,” ಎಂದರು. ಒಂದು ದಿನ ತಡವಾಗಿ ಹೊರಟು, ಕಾಗದ ಹಿಡಿದು ಬಂದರು.

ನಾವು ನಾಲ್ಕೈದು ಮನೆಯವರು ಈಗ ಒಂದು ಪಟ್ಟಿ ಶುರು ಮಾಡಿದ್ದೇವೆ. ಬಲಿ ಪೆರ್ನಾಲ್‌ಗೆ ಬೆಂಗಳೂರಿನಲ್ಲೇ ಉಳಿಯುವವರು ಯಾರು, ಅವರ ರಕ್ತದ ಗುಂಪು ಯಾವುದು. ಸದ್ಯಕ್ಕೆ ಹನ್ನೊಂದು ಹೆಸರು ಉಂಟು. ಹನ್ನೆರಡನೆಯದು ನಿಮ್ಮದಾದರೆ ಒಳ್ಳೆಯದು. ನಿಮ್ಮ ಬೀದಿಯಲ್ಲಿ ನೀವೇ ಬೇರೆ ಪಟ್ಟಿ ಶುರು ಮಾಡಿದರೆ ಇನ್ನೂ ಒಳ್ಳೆಯದು.