ಆನೆ ಕಾಯುವ ಕೆಲಸವೇ ಬೇಕೆನ್ನುವ ತಾಳವಾಡಿ ಹುಡುಗ

ತಾಳವಾಡಿ ಎಂದೊಡನೆ ನಮ್ಮವರಿಗೆ ನೆನಪಾಗುವುದು ದೊಡ್ಡ ಗಾಜನೂರು, 2000ದ ಜುಲೈನಲ್ಲಿ ಅಲ್ಲಿ ನಡೆದ ಡಾ. ರಾಜ್‌ಕುಮಾರ್ ಅಪಹರಣ. ಆದರೆ ಈರೋಡ್ ಜಿಲ್ಲೆಯ ಈ ಕನ್ನಡ ಸೀಮೆಯ ರೈತರಿಗೆ ನಿತ್ಯದ ಚಿಂತೆ ಆನೆಯದು. ರಾಗಿ ತೆನೆ ಕಟ್ಟಿತೋ, ಬಾಳೆ ಗೊನೆ ಬಿಟ್ಟಿತೋ, ಹಿಂಡು ಇಳಿಯಿತೆಂದೇ ಲೆಕ್ಕ. ಕಾಡಂಚಿನ ಇಂಥ ಹಳ್ಳಿಯೊಂದರ ಪ್ಲಸ್ ಟೂ ವಿದ್ಯಾರ್ಥಿಯೊಬ್ಬ ಅರಣ್ಯಶಾಸ್ತ್ರ ಓದಿ ಕಾಡು ಉಳಿಸುವ ಕೆಲಸಕ್ಕೇ ಸೇರುತ್ತೇನೆಂದು ಹಟ ಹಿಡಿದಿದ್ದಾನೆ.

"ನಾನು ರಾತ್ರಿಯೆಲ್ಲ ಅಟ್ಟಣೆ ಮೇಲೆ ಕೂತು ಆನೆ ಓಡಿಸ್ತೀನಿ, ಇವ್ನು ನೋಡಿದ್ರೆ ಆನೆ ಕಾಯಕ್ಕೆ ಹೋಯ್ತಾನಂತೆ!" ಎಂದು ಅಪ್ಪ ನಗುತ್ತಾರೆ. ನಗುವಿನ ಜೊತೆ ಸಿಟ್ಟೂ ಇದೆ, ಅದಕ್ಕೆ ಕಾರಣವೂ ಇದೆ. ಸತ್ಯಮಂಗಲದ ಕಾಡು 2008ರಲ್ಲಿ ವನ್ಯಧಾಮವಾಯಿತು, 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ವಿಸ್ತೀರ್ಣ ಸುಮಾರು 1,400 ಚದರ ಕಿ.ಮೀ. 2022ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದಂತೆ 27 ತಿರುವುಗಳ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರ ನಿಲ್ಲಿಸಿದಾಗ, ತರಕಾರಿ ಸಾಗಿಸುವುದು ಹೇಗೆಂದು ರೈತರು ಬೀದಿಗಿಳಿದಿದ್ದರು. ಕಾಡಿನ ಕಾನೂನೆಲ್ಲ ತಮ್ಮ ತಲೆ ಮೇಲೆಯೇ ಬೀಳುತ್ತದೆ ಎಂಬ ಭಾವನೆ ಇಲ್ಲಿ ಬಲವಾಗಿದೆ.

ಹುಡುಗನ ಲೆಕ್ಕ ಬೇರೆ. ಒಂದು ನೋಟ್‌ಬುಕ್ ಇಟ್ಟಿದ್ದಾನೆ. ಯಾವ ರಾತ್ರಿ, ಯಾರ ಹೊಲ, ಎಷ್ಟು ಆನೆ, ತಿಂದದ್ದೇನು, ತುಳಿದದ್ದೇನು, ಎಲ್ಲಾ ಬರೆದಿದ್ದಾನೆ. ಪುಟ ತಿರುವಿ ನೋಡಿದರೆ ಎರಡು ಮೂರು ಜಾಗಗಳ ಹೆಸರೇ ಮತ್ತೆ ಮತ್ತೆ ಬರುತ್ತವೆ. "ಅದು ಅವುಗಳ ಹಳೇ ದಾರಿ ಸಾರ್. ನಮ್ಮಪ್ಪಂಗೆ ಗೊತ್ತು, ಕೇಳೋರು ಯಾರೂ ಇಲ್ಲ" ಎನ್ನುತ್ತಾನೆ. ಕಾಡೊಳಗೆ ಲಂಟಾನ ಹಬ್ಬಿದೆ, ಮೋಯಾರ್ ಕಣಿವೆಯಲ್ಲಿ ಬಳ್ಳಾರಿ ಜಾಲಿ. ಅವುಗಳಡಿ ಹುಲ್ಲು ಬೆಳೆಯುವುದಿಲ್ಲ. ಹುಲ್ಲಿಲ್ಲದ ಕಾಡಿನ ಆನೆ ರಾಗಿ ಹೊಲಕ್ಕೆ ಬಾರದೆ ಇನ್ನೆಲ್ಲಿಗೆ ಹೋಗಬೇಕು? ಕಂದಕ, ಸೋಲಾರ್ ಬೇಲಿ ಎಂದಷ್ಟೇ ಮಾತಾಡುವವರು ಈ ಹುಡುಗನ ನೋಟ್‌ಬುಕ್ಕನ್ನೊಮ್ಮೆ ನೋಡಬೇಕು.

ತೊಡಕಿರುವುದು ಭಾಷೆಯಲ್ಲಿ. ಹತ್ತನೆಯವರೆಗೆ ಅವನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ತಮಿಳುನಾಡು ಸರ್ಕಾರಿ ನೌಕರಿಯ ಪರೀಕ್ಷೆಗಳಲ್ಲಿ ತಮಿಳು ಪತ್ರಿಕೆ ಪಾಸಾಗಲೇಬೇಕೆಂಬ ನಿಯಮ 2021ರ ಕೊನೆಯಲ್ಲಿ ಬಂತು. ಆನೆಯ ದಾರಿ ಬಲ್ಲವನು ತಮಿಳು ಪ್ರಬಂಧ ಬರೆಯಲಾರದೆ ಹೊರಗುಳಿದರೆ ಕಾಡಿಗೇ ನಷ್ಟ. ಮೇಟುಪಾಳ್ಯದ ಅರಣ್ಯ ಕಾಲೇಜಿಗೆ ಅರ್ಜಿ ಹಾಕುವ ಯೋಚನೆಯಿದೆ. ಶಿರಸಿಯ ಕಾಲೇಜಿನ ಬಗ್ಗೆಯೂ ವಿಚಾರಿಸುತ್ತಿದ್ದಾನೆ. ಸದ್ಯಕ್ಕೆ ಸಂಜೆ ಹೊತ್ತು ಊರಿನ ಮೇಷ್ಟ್ರೊಬ್ಬರ ಮನೆಯಲ್ಲಿ ತಮಿಳು ಪಾಠ. ಫೀಸು ಅಪ್ಪನೇ ಕೊಡುತ್ತಿದ್ದಾರೆ.