ಗಂಟೆ ಎಷ್ಟು ಎಂದು ಸರ್ವರ್ ಕೇಳಿದರೆ

2017ರ ಜನವರಿ 1ರ ಬೆಳಗಿನ ಜಾವ ಭಾರತಕ್ಕೆ ಒಂದು ಸೆಕೆಂಡ್ ಹೆಚ್ಚುವರಿಯಾಗಿ ಸಿಕ್ಕಿತು. 5 ಗಂಟೆ 29 ನಿಮಿಷ 59 ಸೆಕೆಂಡ್ ಆದ ಮೇಲೆ ನೇರವಾಗಿ ಐದೂವರೆ ಆಗಲಿಲ್ಲ. ನಡುವೆ 5:29:60 ಎಂಬ ವಿಚಿತ್ರ ಸೆಕೆಂಡೊಂದು ಬಂದು ಹೋಯಿತು. ಭೂಮಿ ತಿರುಗುವ ವೇಗದಲ್ಲಿ ಏರುಪೇರಿದೆ, ಪರಮಾಣು ಗಡಿಯಾರದಲ್ಲಿ ಇಲ್ಲ. ಇವೆರಡನ್ನೂ ಹೊಂದಿಸಲು 1972ರಿಂದೀಚೆಗೆ ಹೀಗೆ 27 ಸಲ ‘ಲೀಪ್ ಸೆಕೆಂಡ್’ ಸೇರಿಸಿದ್ದಾರೆ.

ನಿದ್ದೆಯಲ್ಲಿದ್ದವರಿಗೆ ಅದು ಗೊತ್ತೂ ಆಗಲಿಲ್ಲ. ಆದರೆ ಕ್ಲೌಡ್‌ಫ್ಲೇರ್ ಕಂಪನಿಯಲ್ಲಿ ಜಾಲತಾಣಗಳ ವಿಳಾಸ ಹುಡುಕಿಕೊಡುವ ಕೆಲವು ಡಿಎನ್‌ಎಸ್ ಸರ್ವರ್‌ಗಳು ಅದೇ ಗಳಿಗೆಯಲ್ಲಿ ಮುಗ್ಗರಿಸಿದವು. ಕೇಳಿದ ವೇಳೆಯನ್ನು ಉತ್ತರ ಬಂದ ವೇಳೆಯಿಂದ ಕಳೆದು ಎಷ್ಟು ಹೊತ್ತು ಹಿಡಿಯಿತು ಎಂದು ಅಲ್ಲಿನ ಪ್ರೋಗ್ರಾಂ ಲೆಕ್ಕ ಹಾಕುತ್ತಿತ್ತು. ಹೆಚ್ಚುವರಿ ಸೆಕೆಂಡಿಗೆ ಜಾಗ ಮಾಡಲು ಗಡಿಯಾರ ಒಂದು ಸೆಕೆಂಡ್ ಹಿಂದಕ್ಕೆ ಜಾರಿದ್ದೇ ತಡ, ಲೆಕ್ಕ ಸೊನ್ನೆಗಿಂತ ಕೆಳಗಿಳಿಯಿತು. ಕಾಲ ಹಿಂದಕ್ಕೂ ಹೋದೀತು ಎಂದು ಪ್ರೋಗ್ರಾಂ ಬರೆದವರು ಎಣಿಸಿರಲಿಲ್ಲ.

ಯಾವುದು ಮೊದಲು, ಯಾವುದು ಆಮೇಲೆ

ಸರ್ವರ್‌ಗೆ ಗಂಟೆ ನೋಡುವ ದರ್ದೇನು? ನೀವು ಮೊಬೈಲಿನಲ್ಲಿ ಹಣ ಕಳಿಸಿದರೆ ಆ ವ್ಯವಹಾರ ಹಲವು ಸರ್ವರ್‌ಗಳನ್ನು ಹಾದು ಹೋಗುತ್ತದೆ. ಪ್ರತಿಯೊಂದೂ ತನ್ನ ಗಡಿಯಾರ ನೋಡಿಕೊಂಡು ಲಾಗ್ ಕಡತದಲ್ಲಿ ಒಂದು ಸಾಲು ಬರೆದಿಡುತ್ತದೆ. ಹಣ ಪಡೆದ ಕಡೆಯ ಗಡಿಯಾರ ಅರ್ಧ ಸೆಕೆಂಡ್ ಹಿಂದಿದ್ದರೆ, ಸಾಲುಗಳನ್ನು ಜೋಡಿಸಿ ನೋಡುವವರಿಗೆ ಹಣ ಹೊರಡುವ ಮೊದಲೇ ತಲುಪಿದಂತೆ ಕಾಣುತ್ತದೆ. ಒಂದೇ ದಾಖಲೆಯನ್ನು ಇಬ್ಬರು ಎರಡು ಊರಿನ ಸರ್ವರ್‌ಗಳಲ್ಲಿ ತಿದ್ದಿದರು ಎನ್ನಿ. ‘ಕೊನೆಗೆ ಬರೆದದ್ದು ಉಳಿಯಲಿ’ ಎಂಬುದು ಡೇಟಾಬೇಸ್‌ನ ನಿಯಮವಾಗಿದ್ದರೆ, ಗಡಿಯಾರ ಮುಂದೆ ಓಡುತ್ತಿರುವ ಸರ್ವರ್‌ನ ಹಳೆಯ ಬರಹವೇ ಗೆದ್ದು, ಹೊಸ ತಿದ್ದುಪಡಿ ಸದ್ದಿಲ್ಲದೆ ಅಳಿಸಿಹೋಗುತ್ತದೆ.

ಪ್ರತಿ ಸರ್ವರ್‌ನಲ್ಲೂ ಕಾಲ ಅಳೆಯಲು ಒಂದು ಕ್ವಾರ್ಟ್ಸ್ ಹರಳಿದೆ. ವಿದ್ಯುತ್ ಹರಿದಾಗ ಅದು ಕಂಪಿಸುತ್ತದೆ. ಕಂಪನಗಳನ್ನು ಎಣಿಸಿದರೆ ಸೆಕೆಂಡ್ ಸಿಗುತ್ತದೆ. ಆದರೆ ಯಾವ ಎರಡು ಹರಳೂ ಒಂದೇ ಲಯದಲ್ಲಿ ಕಂಪಿಸುವುದಿಲ್ಲ, ಬಿಸಿ ಏರಿದರೆ ಅದೇ ಹರಳಿನ ಲಯವೂ ಬದಲಾಗುತ್ತದೆ. ಹರಳು ಹತ್ತು ಲಕ್ಷಕ್ಕೆ 20ರಷ್ಟು ತಪ್ಪಿದರೂ ದಿನಕ್ಕೆ 1.7 ಸೆಕೆಂಡ್ ವ್ಯತ್ಯಾಸ ಬೀಳುತ್ತದೆ. ಒಂದೇ ಕಪಾಟಿನಲ್ಲಿರುವ ಸರ್ವರ್‌ಗಳನ್ನು ಒಟ್ಟಿಗೆ ಸರಿಮಾಡಿ ಬಿಟ್ಟರೂ ವಾರದೊಳಗೆ ಅವು ಒಂದೊಂದು ದಿಕ್ಕು ಹಿಡಿದಿರುತ್ತವೆ.

ನಾಲ್ಕು ವೇಳೆಗಳ ಲೆಕ್ಕ

ಹಾಗಿದ್ದರೆ ಸರಿಯಾದ ಗಡಿಯಾರವನ್ನು ಕೇಳಿ ತಿದ್ದಿಕೊಂಡರಾಯಿತಲ್ಲ? ಕೇಳುವುದು ಸುಲಭ. ಆದರೆ ಉತ್ತರ ದಾರಿಯಲ್ಲಿರುವಾಗಲೇ ಹಳತಾಗುತ್ತಿರುತ್ತದೆ. ಈ ತೊಡಕಿಗೆ ಅಮೆರಿಕದ ಡೇವಿಡ್ ಮಿಲ್ಸ್ 1985ರಲ್ಲಿ ಪ್ರಕಟಿಸಿದ, ಡೆಲಾವೇರ್ ವಿಶ್ವವಿದ್ಯಾಲಯದಲ್ಲಿದ್ದುಕೊಂಡು ದಶಕಗಳ ಕಾಲ ತಿದ್ದಿ ಬೆಳೆಸಿದ ಪರಿಹಾರವೇ ನೆಟ್‌ವರ್ಕ್ ಟೈಮ್ ಪ್ರೊಟೊಕಾಲ್, ಅಂದರೆ ಎನ್‌ಟಿಪಿ.

ಒಂದು ಉದಾಹರಣೆ ನೋಡೋಣ. ಬೆಂಗಳೂರಿನ ಸರ್ವರ್ ತನ್ನ ಗಡಿಯಾರದಲ್ಲಿ ಸರಿಯಾಗಿ ಹತ್ತು ಗಂಟೆಗೆ ದೆಹಲಿಯ ಸರ್ವರ್‌ಗೆ ಪ್ರಶ್ನೆ ಕಳಿಸುತ್ತದೆ. ದೆಹಲಿಯ ಗಡಿಯಾರದ ಪ್ರಕಾರ ಅದು ತಲುಪಿದ್ದು ಹತ್ತರ ಮೇಲೆ 120 ಮಿಲಿಸೆಕೆಂಡಿಗೆ, ಉತ್ತರ ಹೊರಟದ್ದು 121ಕ್ಕೆ. ಉತ್ತರ ಬೆಂಗಳೂರು ಮುಟ್ಟಿದಾಗ ಇಲ್ಲಿನ ಗಡಿಯಾರದಲ್ಲಿ ಹತ್ತರ ಮೇಲೆ ಬರೀ 41 ಮಿಲಿಸೆಕೆಂಡ್. ಒಟ್ಟು 41ರಲ್ಲಿ ದೆಹಲಿಯಲ್ಲಿ ತಂಗಿದ 1 ಕಳೆದರೆ ಪ್ರಯಾಣಕ್ಕೆ 40, ಒಂದು ಕಡೆಗೆ 20. ಅಂದರೆ ಪ್ರಶ್ನೆ ದೆಹಲಿ ಮುಟ್ಟಿದಾಗ ಬೆಂಗಳೂರಿನ ಗಡಿಯಾರದಲ್ಲಿ 20 ಇತ್ತು, ದೆಹಲಿಯಲ್ಲಿ 120. ನಮ್ಮ ಗಡಿಯಾರ 100 ಮಿಲಿಸೆಕೆಂಡ್ ಹಿಂದಿದೆ.

ಈ ಚೊಕ್ಕ ಲೆಕ್ಕದಲ್ಲಿ ಒಂದು ನಂಬಿಕೆ ಅಡಗಿದೆ: ಹೋಗುವುದಕ್ಕೂ ಬರುವುದಕ್ಕೂ ಅಷ್ಟೇ ಹೊತ್ತು ಹಿಡಿಯುತ್ತದೆ ಎಂಬುದು. ನಿಜದಲ್ಲಿ ಹೋಗಲು 30, ಬರಲು 10 ಹಿಡಿದಿದ್ದರೆ ಉತ್ತರ 10 ಮಿಲಿಸೆಕೆಂಡ್ ತಪ್ಪು. ಎರಡು ತುದಿಯಲ್ಲಿ ಕುಳಿತು ಇದನ್ನು ಪತ್ತೆ ಮಾಡಲು ಬರುವುದಿಲ್ಲ. ತಪ್ಪು 20 ಮಿಲಿಸೆಕೆಂಡ್ ಮೀರಿರಲಾರದು ಎಂದಷ್ಟೇ ಖಚಿತವಾಗಿ ಹೇಳಬಹುದು. ಅದಕ್ಕೇ ಎನ್‌ಟಿಪಿ ಮತ್ತೆ ಮತ್ತೆ ಕೇಳಿ, ಬೇಗ ಬಂದ ಉತ್ತರಗಳಿಗೆ ಹೆಚ್ಚು ಬೆಲೆ ಕೊಡುತ್ತದೆ.

ಕೇಳಿಸಿಕೊಂಡ ಗಡಿಯಾರವೇ ಸುಳ್ಳು ಹೇಳಿದರೆ? 2012ರ ನವೆಂಬರ್ 19ರಂದು ಅಮೆರಿಕದ ನೌಕಾ ವೀಕ್ಷಣಾಲಯದ ಎರಡು ಹೆಸರಾಂತ ಸಮಯ ಸರ್ವರ್‌ಗಳು ಸ್ವಲ್ಪ ಹೊತ್ತು ಇದು 2000ನೇ ಇಸವಿ ಎಂದುಬಿಟ್ಟವು. ಅವನ್ನೇ ನಂಬಿದ್ದ ಹಲವು ಸಂಸ್ಥೆಗಳ ಕಂಪ್ಯೂಟರ್‌ಗಳು ಹನ್ನೆರಡು ವರ್ಷ ಹಿಂದಕ್ಕೆ ಹೋದವು. ಇಬ್ಬರನ್ನು ಕೇಳಿದಾಗ ಉತ್ತರ ಬೇರೆ ಬೇರೆ ಬಂದರೆ ಯಾರು ಸರಿ ಎಂದು ತೀರ್ಮಾನಿಸಲಾಗದು. ಆದ್ದರಿಂದ ಕನಿಷ್ಠ ನಾಲ್ಕು ಮೂಲಗಳನ್ನು ಕೊಡಿ ಎನ್ನುತ್ತಾರೆ ಅನುಭವಿಗಳು. ಒಂದು ಕೆಟ್ಟರೂ ಬಹುಮತ ಹೇಳಲು ಮೂರು ಉಳಿಯುತ್ತವೆ.

ತಪ್ಪು ಗೊತ್ತಾದ ಮೇಲೆ ತಿದ್ದುವುದರಲ್ಲೂ ನಾಜೂಕು ಬೇಕು. ಮುಂದಿರುವ ಗಡಿಯಾರವನ್ನು ಹಠಾತ್ತನೆ ಹಿಂದಕ್ಕೆ ತಿರುಗಿಸಿದರೆ ಪ್ರೋಗ್ರಾಂಗಳು ದಿಕ್ಕೆಡುತ್ತವೆ. ಅದಕ್ಕಾಗಿ ಸಣ್ಣ ವ್ಯತ್ಯಾಸವಿದ್ದಾಗ ಗಡಿಯಾರದ ನಡಿಗೆಯನ್ನೇ ತುಸು ನಿಧಾನ ಮಾಡುತ್ತಾರೆ. ರೂಢಿಯ ಮಿತಿ ಹತ್ತು ಲಕ್ಷಕ್ಕೆ 500. ಆ ವೇಗದಲ್ಲಿ ಒಂದು ಸೆಕೆಂಡ್ ಸರಿಪಡಿಸಲು ಅರ್ಧ ಗಂಟೆಗೂ ಮೇಲೆ ಬೇಕು. ಗೂಗಲ್ ಲೀಪ್ ಸೆಕೆಂಡನ್ನೂ ಹೀಗೆಯೇ ಹಲವು ಗಂಟೆಗಳ ಮೇಲೆ ತೆಳುವಾಗಿ ಸವರಿಬಿಡುತ್ತದೆ. ಲೀಪ್ ಸೆಕೆಂಡಿನ ಕಾಟ ಸಾಕೆನಿಸಿ, 2035ರೊಳಗೆ ಈ ಪದ್ಧತಿಗೆ ತೆರೆ ಎಳೆಯಲು ಅಂತರರಾಷ್ಟ್ರೀಯ ಅಳತೆ ಸಮ್ಮೇಳನ 2022ರಲ್ಲಿ ನಿರ್ಧರಿಸಿತು.

ಭಾರತೀಯ ಕಾಲಮಾನದ ಮೂಲ ಇರುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಪರಮಾಣು ಗಡಿಯಾರಗಳಲ್ಲಿ. ಸೀಸಿಯಂ ಪರಮಾಣುವಿನ 919,26,31,770 ಕಂಪನಗಳು ಸೇರಿದರೆ ಒಂದು ಸೆಕೆಂಡ್. ದೇಶದ ಡೇಟಾ ಸೆಂಟರ್‌ಗಳು ಈ ಪ್ರಯೋಗಾಲಯದ ಅಥವಾ ರಾಷ್ಟ್ರೀಯ ಮಾಹಿತಿ ಕೇಂದ್ರದ ಸಮಯಕ್ಕೆ ಹೊಂದಿಕೊಂಡಿರಬೇಕೆಂದು ಸೈಬರ್ ಭದ್ರತೆಯ ಸರ್ಕಾರಿ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ನಿರ್ದೇಶನ ಕೊಟ್ಟಿತು. ಕಾರಣ ಸರಳ: ಸೈಬರ್ ದಾಳಿಯ ಜಾಡು ಹಿಡಿಯಲು ಹತ್ತು ಕಡೆಯ ಲಾಗ್‌ಗಳು ಒಂದೇ ಕಾಲ ಹೇಳಬೇಕು.

ಸಂದೇಹವನ್ನೂ ಅಳೆದು ಹೇಳುವ ಗಡಿಯಾರ

ಇಷ್ಟೆಲ್ಲ ಮಾಡಿದರೂ ಎರಡು ಸರ್ವರ್‌ಗಳು ಪೂರ್ತಿ ಒಂದಾಗುವುದಿಲ್ಲ. ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲೇ ಗಡಿಯಾರವನ್ನು ಬದಿಗಿಟ್ಟು ಯೋಚಿಸಿದರು. ಸಂದೇಶ ಕಳಿಸಿದ್ದು ಅದು ತಲುಪಿದ್ದಕ್ಕಿಂತ ಮೊದಲೇ ಆಗಿರಬೇಕಲ್ಲವೇ? ಪ್ರತಿ ಯಂತ್ರವೂ ಒಂದು ಎಣಿಕೆ ಇಟ್ಟುಕೊಂಡು ಅದನ್ನು ಸಂದೇಶದ ಜೊತೆ ಕಳಿಸಲಿ. ಪಡೆದ ಯಂತ್ರ ತನ್ನ ಎಣಿಕೆಯನ್ನು ಅದಕ್ಕಿಂತ ಮುಂದಿಡಲಿ. ಗಂಟೆ ಎಷ್ಟೆಂದು ತಿಳಿಯದೆಯೂ ಕಾರಣ ಮೊದಲು, ಪರಿಣಾಮ ಆಮೇಲೆ ಎಂಬ ಕ್ರಮ ಕೆಡುವುದಿಲ್ಲ. ಆದರೆ ಪರಸ್ಪರ ಮಾತಾಡದ ಯಂತ್ರಗಳ ನಡುವೆ ನಿಜವಾಗಿ ಯಾವುದು ಮೊದಲು ನಡೆಯಿತೆಂದು ಈ ಎಣಿಕೆ ಹೇಳಲಾರದು.

ಆ ಕೊರತೆ ತುಂಬಿದ್ದು, ಗೂಗಲ್ 2012ರಲ್ಲಿ ವಿವರಿಸಿದ ಸ್ಪ್ಯಾನರ್ ಡೇಟಾಬೇಸ್. ಅದರ ಗಡಿಯಾರವನ್ನು ಗಂಟೆ ಕೇಳಿದರೆ ಒಂದು ವೇಳೆಯನ್ನು ಹೇಳುವುದಿಲ್ಲ. ‘ಇದಕ್ಕಿಂತ ಹಿಂದಿಲ್ಲ, ಇದಕ್ಕಿಂತ ಮುಂದಿಲ್ಲ’ ಎಂದು ಎರಡು ಗಡಿಗಳನ್ನು ಕೊಡುತ್ತದೆ. ಡೇಟಾ ಸೆಂಟರ್‌ಗಳಲ್ಲೇ ಜಿಪಿಎಸ್ ಗ್ರಾಹಕಗಳನ್ನೂ ಪರಮಾಣು ಗಡಿಯಾರಗಳನ್ನೂ ಇಟ್ಟದ್ದರಿಂದ ಸಂದೇಹದ ಪ್ರಮಾಣ ಸಾಮಾನ್ಯವಾಗಿ 1ರಿಂದ 7 ಮಿಲಿಸೆಕೆಂಡ್ ಇತ್ತು. ಒಂದು ಬರಹ ಮುಗಿದೊಡನೆ ಸ್ಪ್ಯಾನರ್ ಆ ಸಂದೇಹ ಕಳೆಯುವವರೆಗೆ ಕಾಯುತ್ತದೆ, ಆಮೇಲೆ ‘ಆಯಿತು’ ಎನ್ನುತ್ತದೆ. ಹಾಗಾಗಿ ಅನಂತರ ಶುರುವಾಗುವ ಕೆಲಸ ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಅದಕ್ಕೆ ಬೀಳುವ ವೇಳೆ ಈ ಬರಹದ ವೇಳೆಗಿಂತ ಮುಂದೆಯೇ ಇರುತ್ತದೆ. ಅಲ್ಲಿ ಪರಮಾಣು ಗಡಿಯಾರಕ್ಕೆ ಸುರಿದ ಹಣದ ಪ್ರಯೋಜನವೂ ಇಷ್ಟೇ: ಸಂದೇಹ ಎಷ್ಟು ಕಿರಿದಾದರೆ ಕಾಯುವ ಹೊತ್ತೂ ಅಷ್ಟೇ ಕಡಿಮೆ.